ಗೀಜಗನ ಗೂಡಿನ ಮಣ್ಣು

ಮಕ್ಕಳ ಮಾಹಿತಿ ಪುಸ್ತಕಗಳ ಸಂಪಾದಕಿಯಾಗಿ 11 ವರ್ಷ ದುಡಿದಿದ್ದೇನೆ. ಈ ಅವಧಿಯಲ್ಲಿ ಆಡಿದ ಮಾತುಗಳಲ್ಲಿ ಹಿಂದಕ್ಕೆ ಪಡೆಯಬೇಕೆಂದು ಈಗಲೂ ಅನ್ನಿಸುವುದು ಒಂದೇ ಒಂದು. ಅದನ್ನು ನಾನು ಆಡಿದ್ದು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಶಾಲೆಯ ನಾಲ್ಕನೆಯ ತರಗತಿಯಲ್ಲಿ, ಗೀಜಗನ ಪುಸ್ತಕದ ಡಮ್ಮಿಯನ್ನು, ಅಂದರೆ ಅಚ್ಚಿಗೆ ಮೊದಲಿನ ಮಾದರಿ ಪ್ರತಿಯನ್ನು, ಕೈಯಲ್ಲಿ ಹಿಡಿದುಕೊಂಡು.

ಪುಸ್ತಕ ಎರಡು ಫಾರಂ, ಅಂದರೆ 32 ಪುಟ. ಲೇಖಕರು ನಿವೃತ್ತ ವಿಜ್ಞಾನ ಮೇಷ್ಟ್ರು. ಅವರ ಮೊದಲ ಕರಡು ಅರ್ಧಕ್ಕೆ ನಿಂತ ಒಂದು ಗೂಡಿನಿಂದ ಆರಂಭವಾಗುತ್ತಿತ್ತು. ಗಂಡು ಗೀಜಗ ಹುಲ್ಲಿನ ಎಳೆ, ತಾಳೆಗರಿಯ ಸೀಳುಗಳನ್ನು ತಂದು ಟೊಪ್ಪಿಗೆಯ ಆಕಾರದವರೆಗೆ ನೇಯ್ದು ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸುತ್ತದೆ. ಒಪ್ಪಿದರೆ ಕೊಳವೆಯಂತಹ ಬಾಗಿಲು ಮೂಡುತ್ತದೆ, ಒಪ್ಪದಿದ್ದರೆ ಗೂಡು ಮರದಲ್ಲಿ ಹಾಗೆಯೇ ತೂಗಾಡುತ್ತಿರುತ್ತದೆ. ‘ಈ ಗೂಡಿನಲ್ಲಿ ಯಾರೂ ಇಲ್ಲ, ಏಕೆ?’ ಎಂದು ಅವರು ಮೊದಲ ಪುಟದಲ್ಲಿಯೇ ಕೇಳಿದ್ದರು. ನಾನು ಅದನ್ನು ಎತ್ತಿ 19ನೆಯ ಪುಟಕ್ಕೆ ಹಾಕಿದೆ. ಮೊದಲ ಪುಟಕ್ಕೆ ವೈಜ್ಞಾನಿಕ ಹೆಸರು, ಉದ್ದ, ಆಹಾರಗಳ ಪಟ್ಟಿ ಬಂದವು. ಪ್ರತಿ ಸ್ಪ್ರೆಡ್ಡಿಗೂ, ಅಂದರೆ ಎದುರುಬದುರಿನ ಪ್ರತಿ ಜೋಡಿ ಪುಟಕ್ಕೂ, ‘ನಿಮಗೆ ಗೊತ್ತೇ?’ ಎಂಬ ಬಾಕ್ಸ್ ಬೇಕೆಂದು ಮಾರ್ಕೆಟಿಂಗ್‌ನವರು ಪಟ್ಟು ಹಿಡಿದಿದ್ದರು. ಮಳಿಗೆಯಲ್ಲಿ ನಿಂತ ತಂದೆತಾಯಿಯರು ಬಾಕ್ಸುಗಳನ್ನು ಎಣಿಸಿಯೇ ಪುಸ್ತಕ ಕೊಳ್ಳುತ್ತಾರೆ ಎಂಬುದು ಅವರ ಸಿದ್ಧಾಂತ. ಅವರನ್ನು ದೂರುವ ಅಧಿಕಾರ ನನಗಿಲ್ಲ, ಏಕೆಂದರೆ ಬಾಕ್ಸು ತುಂಬಿಸುವುದು ನನಗೂ ಇಷ್ಟವಾಗಿತ್ತು.

ಗಂಡು ಹಕ್ಕಿ ಗೂಡಿನ ಒಳಗೋಡೆಗೆ ಹಸಿಮಣ್ಣಿನ ಉಂಡೆಗಳನ್ನು ಮೆತ್ತುತ್ತದೆ ಎಂದು ಮೇಷ್ಟ್ರು ಒಂದು ಸಾಲು ಬರೆದಿದ್ದರು. ಕಾರಣ ಖಚಿತವಿಲ್ಲ ಎಂಬ ನೆಪದಲ್ಲಿ ಅದನ್ನು ನಾನು ಹೊಡೆದುಹಾಕಿದೆ. ನಿಜ ಹೇಳಬೇಕೆಂದರೆ, ಕರಡನ್ನು ‘ನುಡಿ’ ತಂತ್ರಾಂಶದ ಅಕ್ಷರಗಳಿಂದ ಯೂನಿಕೋಡ್‌ಗೆ ಪರಿವರ್ತಿಸಿದಾಗ ಒತ್ತಕ್ಷರಗಳೆಲ್ಲ ಚದುರಿ, ಸರಿಪಡಿಸುವಷ್ಟರಲ್ಲಿ ಆ ಪುಟ ಎರಡು ಸಾಲು ಉಕ್ಕಿತ್ತು. ಡಿಟಿಪಿಯವರು ಸಂಜೆ ಆರರೊಳಗೆ ಎರಡು ಸಾಲು ತೆಗೆದುಕೊಡಿ ಎಂದು ಕುಳಿತಿದ್ದರು.

ಶಾಲೆಯಲ್ಲಿ ಓದಲು ಆರಂಭಿಸಿದಾಗ 26 ಮಕ್ಕಳೂ ಕೈಕಟ್ಟಿ ಕುಳಿತಿದ್ದರು. ಅದನ್ನು ಆಸಕ್ತಿಯೆಂದು ತಿಳಿದೆ. ಏಳನೆಯ ಪುಟಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನವರು ಕಿಟಕಿಯ ಕಡೆಗೆ ತಿರುಗಿದ್ದರು. ಬಾಕ್ಸುಗಳನ್ನು ಏರುದನಿಯಲ್ಲಿ ಓದಿ ನೋಡಿದೆ, ಪ್ರಯೋಜನವಾಗಲಿಲ್ಲ. ಆಗ ಒಬ್ಬ ಹುಡುಗ ಕೇಳದೆಯೇ ಎದ್ದುಹೋಗಿ, ಬೀರುವಿನ ಮೇಲಿದ್ದ ಒಣಗಿದ ಗೂಡೊಂದನ್ನು ಇಳಿಸಿಕೊಂಡು ಬಂದ. ನಾಲೆಯ ಪಕ್ಕದ ಈಚಲು ಮರದಿಂದ ಗಾಳಿಗೆ ಬಿದ್ದದ್ದಂತೆ. ಅದರ ಪಕ್ಕವನ್ನು ಬಿಡಿಸಿ, ಒಳಗೆ ಬೆರಳಿಟ್ಟು ಕೇಳಿದ: “ಮಿಸ್, ಈ ಮಣ್ಣು ಯಾಕೈತೆ ಅಂತ ನಿಮ್ ಪುಸ್ತಕ್ದಲ್ಲಿ ಐತಾ?”

ಇರಲಿಲ್ಲ. ನಾನು ಪುಟ ತಿರುವುವಂತೆ ನಟಿಸಿದೆ. ಅಷ್ಟರಲ್ಲಿ ಅವನೇ ಮುಂದುವರಿಸಿದ: “ನಂಗೊತ್ತು. ಮಿಣುಕುಹುಳ ಅಂಟ್ಸಕ್ಕೆ. ರಾತ್ರಿ ಮರಿಗೆ ದೀಪ ಬೇಕಲ್ವಾ? ನಮ್ಮಜ್ಜಿ ಹೇಳೈತೆ.”

ಇಡೀ ತರಗತಿ ಒಮ್ಮೆಲೇ ಎಚ್ಚೆತ್ತಿತು. ನಮ್ಮಜ್ಜಿಯೂ ಹೇಳೈತೆ ಎಂದರು ಕೆಲವರು, ಹುಳ ಸತ್ತುಹೋದರೆ ದೀಪ ಹೇಗೆ ಉರಿಯುತ್ತದೆ ಎಂದು ಒಬ್ಬಳು ತಕರಾರು ತೆಗೆದಳು. ನನ್ನ ಪುಸ್ತಕಕ್ಕೆ ಬೇಕಾಗಿದ್ದದ್ದೆಲ್ಲ ಆ ಗದ್ದಲದಲ್ಲಿತ್ತು. ನಾನು ಮಾತ್ರ ಸಂಪಾದಕಿಯ ಗತ್ತಿನಲ್ಲಿ, “ಇಲ್ಲ, ಅದು ತಪ್ಪು ನಂಬಿಕೆ” ಎಂದುಬಿಟ್ಟೆ. ಗದ್ದಲ ನಿಂತಿತು. ಹುಡುಗ ಗೂಡನ್ನು ಎದೆಗೆ ಅವುಚಿಕೊಂಡು ಕುಳಿತ. ಉಳಿದ ಪುಟಗಳನ್ನು ನಾನು ಬಹುತೇಕ ನನಗಾಗಿಯೇ ಓದಿಕೊಂಡೆ. ಗೋಡೆಗಡಿಯಾರ ಇಪ್ಪತ್ತು ನಿಮಿಷ ಎಂದು ತೋರಿಸುತ್ತಿತ್ತು, ನನಗೆ ಅದಕ್ಕಿಂತ ಬಹಳ ಹೆಚ್ಚೆನಿಸಿತು. ಕೊನೆಗೆ ತರಗತಿಯ ಮೇಡಂ, “ಚೆನ್ನಾಗಿದೆ, ಎಲ್ಲಾ ಮಾಹಿತಿ ಇದೆ” ಎಂದರು. ಆ ಹೊಗಳಿಕೆಯನ್ನು ಬಸ್ಸಿನಲ್ಲಿ ಕುಳಿತು ಬಹಳ ಹೊತ್ತು ಯೋಚಿಸಿದೆ.

ಅಜ್ಜಿಯ ಮಾತಿಗೆ ಆಧಾರವಿಲ್ಲದಿರಬಹುದು, ಆದರೆ ಅದು ನಿಜವಾದ ಮಣ್ಣನ್ನು ಕಂಡು ಹುಟ್ಟಿದ ಊಹೆ. ಗಾಳಿಗೆ ಗೂಡು ಹೊಯ್ದಾಡದಿರಲಿ ಎಂದು ಹಕ್ಕಿ ಅದನ್ನು ಮೆತ್ತುತ್ತಿರಬಹುದು ಎಂದು ಪಕ್ಷಿಗಳನ್ನು ಬಲ್ಲವರು ಹೇಳುವುದೂ ಊಹೆಯೇ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವುದನ್ನು ಹೇಗೆ ಪರೀಕ್ಷಿಸುತ್ತೀರಿ ಎಂದು ಕೇಳಿದ್ದರೆ ಆ ತರಗತಿ ಊಟದ ಗಂಟೆಯನ್ನೂ ಮರೆಯುತ್ತಿತ್ತು. ಇನ್ನೂ ನಾಚಿಕೆಯಾದದ್ದು ಪಕ್ಷಿತಜ್ಞ ಸಲೀಂ ಅಲಿಯವರ ಬಗೆಗಿನ ಬಾಕ್ಸನ್ನು ಮರಳಿ ಓದಿದಾಗ. ಜನನ 1896, ಪದ್ಮವಿಭೂಷಣ 1976 ಎಂದಷ್ಟೇ ಬರೆದಿದ್ದೆ. ಅವರು ಮಹಾರಾಷ್ಟ್ರದ ಕರಾವಳಿಯ ಕಿಹೀಮ್‌ನಲ್ಲಿ ಗೀಜಗಗಳನ್ನು ತಾಳ್ಮೆಯಿಂದ ನೋಡುತ್ತ ಕುಳಿತು, ಒಂದು ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಇನ್ನೊಂದು ಗೂಡು ನೇಯಲು ಹೊರಡುವುದನ್ನು ಗುರುತಿಸಿ 1931ರಲ್ಲಿ ಪ್ರಕಟಿಸಿದ ಸಂಗತಿಗೆ ಜಾಗವೇ ಸಿಕ್ಕಿರಲಿಲ್ಲ. ನೋಡುವುದನ್ನೇ ಕೆಲಸವಾಗಿಸಿಕೊಂಡ ಮನುಷ್ಯನನ್ನು ಪ್ರಶಸ್ತಿಯ ಇಸವಿಗೆ ಇಳಿಸಿದ್ದೆ.

ಸೋಮವಾರದ ಮೀಟಿಂಗಿನಲ್ಲಿ ಪುಸ್ತಕವನ್ನು ಮತ್ತೆ ಬಿಚ್ಚಬೇಕೆಂದೆ. ಪ್ರಿಂಟ್ ಆರ್ಡರ್ ಹೋಗಿಯಾಗಿದೆ, ಕಾಗದ ಬಂದು ಬಿದ್ದಿದೆ ಎಂದರು. ಹತ್ತು ದಿನ ಸಿಕ್ಕಿತು, ಅದಕ್ಕೆ ಬದಲಾಗಿ ನನ್ನ ಇನ್ನೊಂದು ಪುಸ್ತಕ ಮುಂದಿನ ವರ್ಷಕ್ಕೆ ಹೋಯಿತು. ಮೇಷ್ಟ್ರಿಗೆ ಫೋನ್ ಮಾಡಿ ಅರ್ಧಗೂಡು ಮೊದಲ ಪುಟಕ್ಕೆ ಮರಳುತ್ತದೆ ಎಂದಾಗ, ಅವರು “ಆಗಲಿ ಕಣಮ್ಮ” ಎಂದರೇ ಹೊರತು ಮತ್ತೇನನ್ನೂ ಹೇಳಲಿಲ್ಲ, ಬೈದಿದ್ದರೆ ವಾಸಿಯಿತ್ತು. ಹದಿನಾಲ್ಕು ಬಾಕ್ಸುಗಳಲ್ಲಿ ಮೂರು ಉಳಿದವು. ನಡುವಿನ ಸ್ಪ್ರೆಡ್ಡಿನಲ್ಲಿ ಮಣ್ಣಿನ ಉಂಡೆ, ಅದರ ಸುತ್ತ ಅಜ್ಜಿಯ ಊಹೆ, ಗಾಳಿಯ ಊಹೆ, ಓದುವ ಮಗು ಬರೆಯಲು ಖಾಲಿ ಜಾಗ. ಖಾಲಿ ಜಾಗಕ್ಕೂ ಕಾಗದದ ಖರ್ಚು ಬೀಳುತ್ತದೆ ಎಂದು ಅಕೌಂಟ್ಸ್‌ನವರು ನೆನಪಿಸಿದರು.

ಹೊಸ ಡಮ್ಮಿಯೊಂದಿಗೆ ಅದೇ ತರಗತಿಗೆ ಹೋದೆ. ಹುಡುಗ ನನ್ನನ್ನು ಗುರುತಿಸಿದ, ನಗಲಿಲ್ಲ. ನಡುವಿನ ಪುಟವನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿ, “ಮಿಣುಕುಹುಳ ತೀರಾ ಚಿಕ್ದಾಯ್ತು ಮಿಸ್, ಇಷ್ಟ್ರಲ್ಲಿ ಮರಿಗೆ ಏನ್ ಕಾಣ್ತದೆ?” ಎಂದ. ಚಿತ್ರಕಾರರಿಗೆ ಆ ರಾತ್ರಿಯೇ ಫೋನ್ ಮಾಡಿದೆ.