ಬಚ್ಚಲುಮನೆಯ ಕೆಂಪು ದೀಪ

ಹಿಂದಿನ ತಿಂಗಳ ಬಿಲ್ ಪಾವತಿಯಾಗಿಲ್ಲ, ಇಂದು ರಾತ್ರಿ 9.30ಕ್ಕೆ ನಿಮ್ಮ ಮನೆಯ ವಿದ್ಯುತ್ ಸಂಪರ್ಕ ಕಡಿತಗೊಳ್ಳಲಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ ಎಂಬ ಸಂದೇಶ ಅಮ್ಮನ ಮೊಬೈಲಿಗೆ ಬಂದದ್ದು ಒಂದು ಗುರುವಾರ ಸಂಜೆ. ಗಾಬರಿಯಿಂದ ಫೋನ್ ಕೈಗೆತ್ತಿಕೊಂಡವಳನ್ನು ತಡೆದದ್ದು ನನ್ನ ಬುದ್ಧಿಮಾತುಗಳಲ್ಲ. ಕೌಂಟರಿನಲ್ಲಿ ಹಣ ಕಟ್ಟಿ ತಂದು, ಕ್ಯಾಲೆಂಡರಿನ ಮೊಳೆಗೆ ಅವಳೇ ಸಿಕ್ಕಿಸಿಟ್ಟಿದ್ದ ರಶೀದಿ. ಆ ಶನಿವಾರ ನಾನು ಬೆಂಗಳೂರಿನಿಂದ ಸಾಗರದ ಬಸ್ಸು ಹತ್ತಿದೆ.

ಮೊದಲು ಫೋನನ್ನೇ ಹಿಡಿದು ಕುಳಿತೆ. ಅಕ್ಷರದ ಗಾತ್ರವನ್ನು ಪೂರ್ತಿ ದೊಡ್ಡದು ಮಾಡಿ ಬೀಗಿದರೆ, ಬ್ಯಾಂಕಿನ ಆ್ಯಪಿನಲ್ಲಿ 'ಮುಂದುವರಿಯಿರಿ' ಎಂಬ ಗುಂಡಿಯೇ ಪರದೆಯಿಂದ ಕೆಳಗೆ ಜಾರಿಹೋಗಿತ್ತು. ಒಂದು ಹಂತ ಇಳಿಸಬೇಕಾಯಿತು. ವರ್ಷಗಟ್ಟಲೆ ಅಡಿಕೆ ಸುಲಿದು ಗೆರೆ ಸವೆದ ಅವಳ ಬೆರಳಚ್ಚನ್ನು ಫೋನ್ ಒಪ್ಪುತ್ತಿರಲಿಲ್ಲವಾದ್ದರಿಂದ ನಾಲ್ಕಂಕಿಯ ಪಿನ್ ಇಟ್ಟೆವು. ಐಕಾನುಗಳು ತಾವಾಗಿಯೇ ಮಾಯವಾಗುತ್ತವೆ ಎಂಬ ಅವಳ ಹಳೆಯ ದೂರನ್ನು ನಾನು ಎಂದೂ ನಂಬಿರಲಿಲ್ಲ. ಅಂದು ಪಕ್ಕದಲ್ಲಿ ಕುಳಿತು ನೋಡಿದಾಗಷ್ಟೇ ತಿಳಿಯಿತು, ಅವಳು ಪರದೆಯನ್ನು ಮುಟ್ಟುವುದಿಲ್ಲ, ಕಾಲಿಂಗ್ ಬೆಲ್ಲಿನಂತೆ ಒತ್ತಿ ಹಿಡಿಯುತ್ತಾಳೆ. ಒತ್ತಿ ಹಿಡಿಯುವ ಅವಧಿಯನ್ನು ಹೆಚ್ಚಿಸುವ ಆಯ್ಕೆ ಸೆಟ್ಟಿಂಗ್ಸಿನಲ್ಲಿ ಇದ್ದೇ ಇತ್ತು. ಅಷ್ಟು ದಿನ ಅವಳ ಬೆರಳನ್ನು ಬೈದದ್ದಕ್ಕೆ ನನಗೆ ನಾಚಿಕೆಯಾಯಿತು. ಯುಪಿಐಗೆ ಜೋಡಿಸಿದ್ದ ಪಿಂಚಣಿಯ ಖಾತೆಯನ್ನು ಬಿಡಿಸಿ, ಹಾಲು-ತರಕಾರಿಗೆ ಸಾಲುವಷ್ಟೇ ಹಣವಿರುವ ಇನ್ನೊಂದು ಖಾತೆಯನ್ನು ಜೋಡಿಸಿದೆ. ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲ, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬ ಎರಡೇ ಮಾತನ್ನು ಅವಳು ಹಾಲಿನ ಲೆಕ್ಕದ ಪಕ್ಕದಲ್ಲಿ, ಕ್ಯಾಲೆಂಡರಿನ ಮೇಲೆ ತನ್ನ ಕೈಯಾರೆ ಬರೆದುಕೊಂಡಳು.

ನಿಜವಾಗಿ ನಡುಗಿಸಿದ್ದು ಬಚ್ಚಲುಮನೆ. ಅಪ್ಪ ತೀರಿಕೊಂಡ ಮೇಲೆ ಸೌದೆ ಒಡೆಯುವವರಿಲ್ಲವೆಂದು ಹಂಡೆಯ ಒಲೆಯನ್ನು ತೆಗೆಸಿ ಗೀಸರ್ ಹಾಕಿಸಿದವನು ನಾನೇ. ಅದರ ಸ್ವಿಚ್ಚು ಬಾಗಿಲಿನ ಹಿಂದಿನ ಗೋಡೆಯಲ್ಲಿತ್ತು. ಬಾಗಿಲು ತೆರೆದಿದ್ದಷ್ಟು ಹೊತ್ತೂ ಅದರ ಕೆಂಪು ದೀಪ ಮರೆಯಾಗುತ್ತಿದ್ದುದರಿಂದ ಎಷ್ಟೋ ದಿನ ಗೀಸರ್ ಸಂಜೆಯವರೆಗೆ ಉರಿದಿತ್ತಂತೆ. ನೆನಪಿಟ್ಟುಕೊಳ್ಳಬಾರದೇ ಎಂದು ನಾನು ಸ್ವಲ್ಪ ಗಡುಸಾಗಿಯೇ ಕೇಳಿದೆ. "ಒಲೆಯಾದರೆ ಬೆಂಕಿ ಕಾಣುತ್ತದೆ ಕಣೋ. ಇದರಲ್ಲಿ ನನಗೇನು ಕಾಣುತ್ತದೆ?" ಎಂದಳು. ಉತ್ತರ ಹೊಳೆಯಲಿಲ್ಲ.

ಮಧ್ಯಾಹ್ನ ಬಂದ ಎಲೆಕ್ಟ್ರಿಷಿಯನ್ ಆ ಸ್ವಿಚ್ಚನ್ನು ಅಡುಗೆಮನೆಗೆ ಹೋಗುವ ದಾರಿಯ ಗೋಡೆಗೆ, ಅವಳ ಕಣ್ಣಿನ ಎತ್ತರಕ್ಕೆ ವರ್ಗಾಯಿಸಿ ದೊಡ್ಡ ದೀಪವೊಂದನ್ನು ಕೂಡಿಸಿದ. ನಂತರ ಮೀಟರಿನ ಕೆಳಗಿನ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ಚಿನಲ್ಲಿದ್ದ 'ಟಿ' ಅಕ್ಷರದ ಪುಟ್ಟ ಪರೀಕ್ಷಾ ಗುಂಡಿಯನ್ನು ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಫ್ಯಾನು ತಿರುಗುತ್ತಲೇ ಇತ್ತು. ಕರೆಂಟು ಸೋರಿದೊಡನೆ ಕಡಿದುಹಾಕಿ ಜೀವ ಉಳಿಸಬೇಕಾದ ಸಾಧನ ಕೆಟ್ಟು ಎಷ್ಟು ಕಾಲವಾಗಿತ್ತೋ, ಅಮ್ಮ ನಿತ್ಯವೂ ಒದ್ದೆ ಕೈಯಲ್ಲಿ ಅದನ್ನೇ ನಂಬಿಕೊಂಡು ಗೀಸರ್ ಹಾಕುತ್ತಿದ್ದಳು. 30 ಮಿಲಿಆಂಪಿಯರಿನ ಹೊಸದನ್ನು ಕೂರಿಸಿ, ಒಣಗಿದ್ದ ಅರ್ಥಿಂಗ್ ಕುಳಿಗೆ ಎರಡು ಕೊಡ ನೀರು ಸುರಿದು, ಗೀಸರಿನ ಉಷ್ಣತೆಯನ್ನೂ ತಗ್ಗಿಸುವ ಹೊತ್ತಿಗೆ ಸಂಜೆಯಾಯಿತು.

ತಿಂಗಳಿಗೊಮ್ಮೆ ಆ ಗುಂಡಿ ಒತ್ತಿ ನೋಡಬೇಕೆಂದು ಎಲೆಕ್ಟ್ರಿಷಿಯನ್ ನನಗೆ ಹೇಳಿ ಹೋಗಿದ್ದ. ಬೆಂಗಳೂರಿನಲ್ಲಿ ಕುಳಿತು ನಾನು ಅದನ್ನು ಮರೆತೂ ಬಿಟ್ಟಿದ್ದೆ. ಮುಂದಿನ ತಿಂಗಳ ಒಂದನೆಯ ತಾರೀಕು ಬೆಳಿಗ್ಗೆ ಅಮ್ಮನ ಫೋನ್ ಬಂತು. ಕ್ಯಾಲೆಂಡರಿನ ಹಾಳೆ ಮಗುಚಿ, ಸ್ಟೂಲು ಹತ್ತದೆ ಊರುಗೋಲಿನ ತುದಿಯಿಂದ ಗುಂಡಿ ಒತ್ತಿದ್ದಳಂತೆ.

"ಬಿತ್ತು ಕಣೋ," ಎಂದಳು. "ಪಕ್ಕದ ಮನೆಯ ಹುಡುಗನನ್ನು ಕರೆದಿದ್ದೇನೆ, ಬಂದು ಮೇಲೆತ್ತುತ್ತಾನೆ."