ಡಚ್ಚರು ಸ್ಪೇನ್ ವಿರುದ್ಧ ಹೋರಾಡಿದ ಊರುಗಳಿಗೆ ಹೋಗುವವರಿಗೆ

ನೆದರ್‌ಲೆಂಡ್ಸ್‌ಗೆ ಹೋಗುವ ನಮ್ಮವರು ಸಾಮಾನ್ಯವಾಗಿ ಆಮ್‌ಸ್ಟರ್‌ಡ್ಯಾಂನಲ್ಲೇ ರೂಮ್ ಮಾಡುತ್ತಾರೆ. ಕಾಲುವೆ, ಮ್ಯೂಸಿಯಂ ನೋಡಲು ಅದು ಸರಿ. ಆದರೆ ಈ ಜನ ಸ್ಪೇನ್ ದೊರೆಯ ಕೈಯಿಂದ ಹೇಗೆ ಬಿಡಿಸಿಕೊಂಡರು ಅನ್ನುವುದನ್ನು ನೋಡಬೇಕಿದ್ದರೆ ಲೈಡನ್‌ನಲ್ಲಿ ಉಳಿದುಕೊಳ್ಳಿ. ಆಮ್‌ಸ್ಟರ್‌ಡ್ಯಾಂ 1578ರವರೆಗೂ ಸ್ಪೇನ್ ಕಡೆಗೇ ಇತ್ತು. ಹಾರ್ಲೆಂ, ಲೈಡನ್‌ನಂಥ ಊರುಗಳು ಮುತ್ತಿಗೆಯಲ್ಲಿ ಹಸಿದು ಸಾಯುತ್ತಿದ್ದಾಗ ಅದು ಹೋರಾಟಕ್ಕೆ ಸೇರಿರಲಿಲ್ಲ. ಲೈಡನ್‌ಗೆ ಸ್ಕಿಪೋಲ್ ವಿಮಾನ ನಿಲ್ದಾಣದಿಂದಲೇ ರೈಲು ಇದೆ, ಇಪ್ಪತ್ತು ನಿಮಿಷದ ದಾರಿ ಅಷ್ಟೇ.

ಹೋಗುವ ಮೊದಲು ಕತೆಯನ್ನು ಸ್ವಲ್ಪ ತಿಳಿದುಕೊಂಡಿರಿ. ಆಗ ಈ ನಾಡನ್ನು ಆಳುತ್ತಿದ್ದ ಸ್ಪೇನ್ ದೊರೆ ಎರಡನೇ ಫಿಲಿಪ್ ಕಟ್ಟಾ ಕ್ಯಾಥೊಲಿಕ್. ಈ ನಾಡಿನಲ್ಲಿ ಪ್ರೊಟೆಸ್ಟೆಂಟರು ಹೆಚ್ಚುತ್ತಿದ್ದರು. 1566ರಲ್ಲಿ ಅವರ ಗುಂಪುಗಳು ಕ್ಯಾಥೊಲಿಕ್ ಚರ್ಚುಗಳಿಗೆ ನುಗ್ಗಿ ಮೂರ್ತಿಗಳನ್ನು ಒಡೆದರು. ಮರುವರ್ಷ ಫಿಲಿಪ್ ಕಳಿಸಿದ ಸೇನಾಪತಿ ಆಲ್ವಾ ಡ್ಯೂಕ್ ಸೈನ್ಯದ ಜೊತೆ ಬಂದ. ಸಾವಿರಕ್ಕೂ ಜಾಸ್ತಿ ಜನರಿಗೆ ಮರಣದಂಡನೆ ಆಯಿತು. ಅದರ ಮೇಲೆ, ಮಾರಾಟವಾಗುವ ಸರಕಿಗೆ ನೂರಕ್ಕೆ ಹತ್ತರ ತೆರಿಗೆ ಹಾಕಲು ಹೊರಟ. ಧರ್ಮದ ಸಿಟ್ಟಿಗೆ ವ್ಯಾಪಾರಿಗಳ ಸಿಟ್ಟೂ ಸೇರಿತು. 1568ರಲ್ಲಿ ಶುರುವಾದ ಯುದ್ಧ ಮುಗಿದದ್ದು 1648ರಲ್ಲಿ. ನಡುವೆ 1609ರಿಂದ ಹನ್ನೆರಡು ವರ್ಷ ಕದನವಿರಾಮ ಇತ್ತು.

ಮೊದಲು ಬ್ರೀಲೆಗೆ ಹೋಗಿ. ರಾಟರ್‌ಡ್ಯಾಂನಿಂದ ಮೆಟ್ರೋ ಹಿಡಿದು ಸ್ಪೈಕನಿಸ್ಸೆಗೆ ಬಂದು, ಅಲ್ಲಿಂದ ಬಸ್ಸು. ಲೈಡನ್‌ನಿಂದ ಹೊರಟರೆ ಒಂದು ದಿನ ಪೂರ್ತಿ ಇದಕ್ಕೇ ಇಡಿ. 1572ರ ಏಪ್ರಿಲ್ 1ರಂದು ‘ಕಡಲ ಭಿಕ್ಷುಕರು’ ಅಂತ ಹೆಸರಾಗಿದ್ದ ಬಂಡಾಯಗಾರರು ಈ ಪುಟ್ಟ ಬಂದರನ್ನು ಹಿಡಿದರು. ಇಂಗ್ಲೆಂಡಿನ ರಾಣಿ ತನ್ನ ಬಂದರುಗಳಿಂದ ಓಡಿಸಿದ್ದಕ್ಕೆ ಅವರಿಗೆ ನಿಲ್ಲಲು ನೆಲೆಯಿರಲಿಲ್ಲ. ಬ್ರೀಲೆ ಬಿದ್ದ ಸುದ್ದಿ ಹರಡಿದ ಮೇಲೆ ಒಂದೊಂದೇ ಊರು ಅವರ ಕಡೆ ತಿರುಗಿತು. ಪ್ರತಿ ಏಪ್ರಿಲ್ 1ಕ್ಕೆ ಊರಿನವರು ಹಳೆಯ ಕಾಲದ ಉಡುಪಿನಲ್ಲಿ ಆ ದಿನವನ್ನು ಮತ್ತೆ ಆಡಿ ತೋರಿಸುತ್ತಾರೆ. ಆ ದಿನ ಹೋಗಲಾದರೆ ಖಂಡಿತ ಹೋಗಿ.

ಆದರೆ ಊರಾಚೆ ಇರುವ ಕ್ಯಾಥೊಲಿಕ್ ಯಾತ್ರಾಸ್ಥಳವನ್ನು ಬಿಡಬೇಡಿ. ಅದೇ ವರ್ಷ ಜುಲೈನಲ್ಲಿ ಇದೇ ಬಂಡಾಯಗಾರರು 19 ಪಾದ್ರಿಗಳನ್ನು, ಸನ್ಯಾಸಿಗಳನ್ನು ಹಿಡಿದು ತಂದು ಇಲ್ಲಿ ನೇಣು ಹಾಕಿದರು. ಅವರನ್ನು ಬಿಟ್ಟುಬಿಡಿ ಎಂದು ಬಂಡಾಯದ ಮುಂದಾಳು ಆರೆಂಜ್‌ನ ವಿಲಿಯಂ ಬರೆದಿದ್ದ. ಕೇಳಲಿಲ್ಲ. ಗೆದ್ದವರ ಹಬ್ಬವನ್ನಷ್ಟೇ ನೋಡಿ ಬಂದರೆ ಅರ್ಧ ಕತೆ ಮಾತ್ರ ನೋಡಿದ ಹಾಗೆ ಅಂತ ನನಗನಿಸುತ್ತದೆ.

ಇನ್ನು ಲೈಡನ್. ಇಲ್ಲಿ ಆತುರಪಡಬೇಡಿ. ಸ್ಪೇನ್ ಸೈನ್ಯ 1574ರ ಮೇ ಕೊನೆಯಲ್ಲಿ ಎರಡನೇ ಸಲ ಊರನ್ನು ಸುತ್ತುವರಿಯಿತು. ಒಳಗೆ ಊಟ ಮುಗಿಯಿತು, ಪ್ಲೇಗ್ ಬಂತು, ಸಾವಿರಾರು ಜನ ಸತ್ತರು. ಹೊರಗಿದ್ದ ಬಂಡಾಯಗಾರರು ನೆಲದ ಮೇಲೆ ಗೆಲ್ಲಲಾರದೆ, ನೀರು ತಡೆಯುವ ತಮ್ಮದೇ ಏರಿಗಳನ್ನು ಒಡೆದರು. ಹೊಲಗದ್ದೆ ಮುಳುಗಿದರೂ ಪರವಾಗಿಲ್ಲ, ನೀರಿನ ಮೇಲೆ ದೋಣಿಯಲ್ಲಿ ಬಂದು ಊರು ಉಳಿಸುತ್ತೇವೆ ಎಂದು ಹೊರಟರು. ವಾರಗಟ್ಟಲೆ ನೀರು ಏರಲೇ ಇಲ್ಲ, ಗಾಳಿ ಉಲ್ಟಾ ಬೀಸುತ್ತಿತ್ತು. ಕೊನೆಗೆ ಬಿರುಗಾಳಿ ಎದ್ದು ನೀರು ನುಗ್ಗಿತು. ಅಕ್ಟೋಬರ್ 3ರ ಬೆಳಗ್ಗೆ ನೋಡಿದರೆ ಸ್ಪೇನ್‌ನವರು ಜಾಗ ಖಾಲಿ ಮಾಡಿದ್ದರು.

ಇದನ್ನು ಕಣ್ಣಾರೆ ಅರ್ಥ ಮಾಡಿಕೊಳ್ಳಲು ಊರ ನಡುವಿನ ದಿಬ್ಬದ ಮೇಲಿರುವ ಬುರ್ಖ್ಟ್ ಕೋಟೆ ಹತ್ತಿ. ಟಿಕೆಟ್ ಇಲ್ಲ. ಮೇಲಿಂದ ನೋಡಿದರೆ ಈ ಸೀಮೆ ಎಷ್ಟು ಸಪಾಟಾಗಿದೆ, ನೀರು ಬಿಟ್ಟರೆ ಯಾಕೆ ಎಲ್ಲ ಮುಳುಗುತ್ತದೆ ಅಂತ ತಾನಾಗಿ ತಿಳಿಯುತ್ತದೆ. ಆಮೇಲೆ ಲಾಕನ್‌ಹಾಲ್ ಮ್ಯೂಸಿಯಂಗೆ ಹೋಗಿ. ಮುತ್ತಿಗೆಯ ಚಿತ್ರಗಳಿವೆ. ಓಡಿಹೋದ ಸೈನಿಕರು ಬಿಟ್ಟ ಅಡುಗೆ ಪಾತ್ರೆ ಎಂದು ನಂಬಿಕೊಂಡು ಬಂದ ಪಾತ್ರೆಯೂ ಇದೆ. ಸೋಮವಾರ ಸಾಮಾನ್ಯವಾಗಿ ರಜ, ನೆನಪಿರಲಿ.

ಅಕ್ಟೋಬರ್ 3 ಈಗಲೂ ಇಲ್ಲಿ ದೊಡ್ಡ ಹಬ್ಬ. ಬೆಳಗ್ಗೆ ಹೆರಿಂಗ್ ಮೀನು ಮತ್ತು ಬಿಳಿ ಬ್ರೆಡ್ ಹಂಚುತ್ತಾರೆ, ಮನೆಮನೆಯಲ್ಲಿ ಹುಟ್ಸ್‌ಪಾಟ್ ಮಾಡುತ್ತಾರೆ. ಕ್ಯಾರೆಟ್, ಈರುಳ್ಳಿ, ಆಲೂಗಡ್ಡೆ ಬೇಯಿಸಿ ಮಸೆದ ಅಡುಗೆ ಅದು. ಹಬ್ಬಕ್ಕೆ ಹೋಗುವುದಾದರೆ ರೂಮನ್ನು ತಿಂಗಳುಗಳ ಮೊದಲೇ ಬುಕ್ ಮಾಡಿ. ಸಸ್ಯಾಹಾರಿಗಳು ಆರ್ಡರ್ ಮಾಡುವಾಗ ಮಾಂಸ ಬೇಡ ಎಂದು ಬಾಯಿಬಿಟ್ಟು ಹೇಳಿ, ಹುಟ್ಸ್‌ಪಾಟ್ ಜೊತೆ ಗೋಮಾಂಸ ಇಡುವುದು ರೂಢಿ. ಮುತ್ತಿಗೆಯ ಮರುವರ್ಷ, 1575ರಲ್ಲಿ, ಈ ಊರಿಗೆ ಸಿಕ್ಕಿದ್ದು ಒಂದು ವಿಶ್ವವಿದ್ಯಾಲಯ. ಅಷ್ಟೊಂದು ಹೆಣ ಹೂತ ಊರಿನಲ್ಲಿ ಓದಿನ ಮನೆ ಕಟ್ಟಿದರಲ್ಲ, ಆ ಹಳೆಯ ಕಟ್ಟಡದ ಮುಂದಿನ ಕಾಲುವೆ ದಂಡೆಯಲ್ಲಿ ನಡೆಯುವಾಗ ನನಗೆ ಗಂಟಲು ಕಟ್ಟಿತು.

ಲೈಡನ್‌ನಿಂದ ಡೆಲ್ಫ್ಟ್‌ಗೆ ರೈಲಿನಲ್ಲಿ ಇಪ್ಪತ್ತು ನಿಮಿಷ. ಹೋರಾಟದ ಮುಂದಾಳು ವಿಲಿಯಂ ಇದ್ದ ಮನೆ ಪ್ರಿನ್ಸನ್‌ಹೋಫ್. ಅವನ ತಲೆಗೆ ಫಿಲಿಪ್ ಬಹುಮಾನ ಕಟ್ಟಿದ್ದ. 1584ರ ಜುಲೈ 10ರಂದು ಊಟ ಮುಗಿಸಿ ಎದ್ದು ಬಂದವನಿಗೆ ಬಾಲ್ತಸಾರ್ ಗೆರಾರ್ಡ್ಸ್ ಎಂಬವನು ಗುಂಡು ಹಾರಿಸಿದ. ಗೋಡೆಯ ಮೇಲಿನ ಗುಂಡಿನ ತೂತುಗಳನ್ನು ಗಾಜು ಹಾಕಿ ಉಳಿಸಿಕೊಂಡಿದ್ದಾರೆ. ಈ ಮ್ಯೂಸಿಯಂನಲ್ಲಿ ದೊಡ್ಡ ನವೀಕರಣ ಕೈಗೊಂಡಿದ್ದಾರೆ, ಹಾಗಾಗಿ ತೆರೆದಿದೆಯೇ ಎಂದು ನೋಡಿಕೊಂಡೇ ಹೊರಡಿ. ಮುಚ್ಚಿದ್ದರೂ ಡೆಲ್ಫ್ಟ್ ಬಿಡಬೇಡಿ. ಚೌಕದಲ್ಲಿರುವ ಹೊಸ ಚರ್ಚಿನಲ್ಲಿ ವಿಲಿಯಂನ ಅಮೃತಶಿಲೆಯ ಸಮಾಧಿ ಇದೆ. ಅದೇ ಟಿಕೆಟ್‌ನಲ್ಲಿ ಹಳೆಯ ಚರ್ಚನ್ನೂ ನೋಡಬಹುದು.

ಉಟ್ರೆಕ್ಟ್‌ಗೆ ಅರ್ಧ ದಿನ ಸಾಕು. 1579ರ ಜನವರಿಯಲ್ಲಿ ಉತ್ತರದ ಪ್ರಾಂತ್ಯಗಳು ಒಟ್ಟಾಗಲು ಒಪ್ಪಂದ ಮಾಡಿಕೊಂಡ ಕೋಣೆ ಈಗ ವಿಶ್ವವಿದ್ಯಾಲಯದ ಸಭಾಂಗಣ. ಕಾರ್ಯಕ್ರಮ ಇದ್ದರೆ ಒಳಗೆ ಬಿಡುವುದಿಲ್ಲ. ಪಕ್ಕದ ಡೋಮ್ ಚರ್ಚಿನಲ್ಲಿ ಮುಖಗಳನ್ನೆಲ್ಲ ಕೆತ್ತಿ ತೆಗೆದ ಕಲ್ಲಿನ ಶಿಲ್ಪವೊಂದಿದೆ, ಅದನ್ನು ಹುಡುಕಿ ನೋಡಿ. ಮೂರ್ತಿ ಒಡೆದ ಕಾಲದ ಸಿಟ್ಟು ಹೇಗಿತ್ತು ಅಂತ ಗೊತ್ತಾಗುತ್ತದೆ.

ಓಡಾಟಕ್ಕೆ ಬೇರೆ ಪಾಸ್ ಬೇಕಿಲ್ಲ. ನಿಮ್ಮ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್‌ನಲ್ಲಿ ವಿದೇಶಿ ಟ್ಯಾಪ್ ಪಾವತಿಯನ್ನು ಹೊರಡುವ ಮೊದಲು ನಮ್ಮೂರಲ್ಲೇ ಆನ್ ಮಾಡಿಕೊಳ್ಳಿ. ರೈಲು, ಮೆಟ್ರೋ, ಬಸ್ಸು ಎಲ್ಲಕ್ಕೂ ಹತ್ತುವಾಗ, ಇಳಿಯುವಾಗ ಟ್ಯಾಪ್ ಮಾಡಬೇಕು. ಒಬ್ಬರಿಗೆ ಒಂದು ಕಾರ್ಡ್. ಗಂಡ ಹೆಂಡತಿ ಇಬ್ಬರೂ ಒಂದೇ ಕಾರ್ಡ್ ಬಳಸಲು ಆಗುವುದಿಲ್ಲ.

ಇನ್ನೊಂದು ದಿನ ಮಿಕ್ಕಿದರೆ ಜರ್ಮನಿ ಗಡಿ ಹತ್ತಿರದ ಡಚ್ ಊರು ಎನ್‌ಸ್ಕೆಡೆಯಿಂದ ನೇರ ರೈಲಿನಲ್ಲಿ ಜರ್ಮನಿಯ ಮ್ಯೂನ್ಸ್ಟರ್‌ಗೆ ಹೋಗಿ ಬನ್ನಿ. ಸ್ಪೇನ್ 1648ರಲ್ಲಿ ಡಚ್ಚರ ಸ್ವಾತಂತ್ರ್ಯವನ್ನು ಒಪ್ಪಿಕೊಂಡದ್ದು ಅಲ್ಲೇ. ಹಳೆಯ ಪುರಭವನದ ಶಾಂತಿ ಸಭಾಂಗಣದಲ್ಲಿ ಸಂಧಾನಕ್ಕೆ ಬಂದವರ ಚಿತ್ರಗಳು ಸಾಲಾಗಿವೆ. ಷೆಂಗೆನ್ ವೀಸಾ ಇದ್ದರೆ ಸಾಕು, ಆದರೆ ಗಡಿ ದಾಟುವಾಗ ಪಾಸ್‌ಪೋರ್ಟ್ ಕೈಯಲ್ಲಿರಲಿ.