ಗ್ವಾದಲಿ ಎಲ್ಲಿ?

ಮೆಲ್ಬರ್ನ್‌ನಲ್ಲಿ ಜೂನ್ ಅಂದರೆ ಚಳಿಗಾಲ. ಊರಲ್ಲಿ ಆಗ ಮಣ್ಣೆತ್ತಿನ ಅಮಾವಾಸ್ಯೆ, ಮಣ್ಣಲ್ಲಿ ಎತ್ತು ಮಾಡಿ ಪೂಜಿಸೋ ಹಬ್ಬ. ಇಲ್ಲಿ ಎರಿ ಮಣ್ಣು ಎಲ್ಲಿಂದ ತರೋದು? ಅಂಗಡಿಯ ಜೇಡಿಮಣ್ಣಲ್ಲೇ ಮಗಳು ಒಂದು ಜೋಡಿ ಎತ್ತು ಮಾಡಿದಳು. ಕಣ್ಣಿಗೆ ಮೆಣಸಿನ ಕಾಳು. ಒಂದರ ಕೊಂಬು ಮುರಿದಿತ್ತು. ಹಾಗೇ ಫೋಟೊ ತೆಗೆದು, ನಾಲ್ಕು ಸಾಲು ಬರೆದು ಕ್ಲಾಸಿನ ಬ್ಲಾಗಿಗೆ ಹಾಕಿದಳು.

ಅವಳು ಮೂರನೇ ಕ್ಲಾಸು. ಅವರ ಬ್ಲಾಗ್ ಇರೋದು ಶಾಲೆಗಳ ಬ್ಲಾಗಿಗೆಂದೇ ಇರೋ ಎಜುಬ್ಲಾಗ್ಸ್ ತಾಣದಲ್ಲಿ. 2005ರಲ್ಲಿ ಇದೇ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು ಅದು. ಮಕ್ಕಳ ಮುಖ ಹಾಕೋಹಾಗಿಲ್ಲ, ಮನೆತನದ ಹೆಸರೂ ಇಲ್ಲ. ಯಾರೇ ಕಮೆಂಟ್ ಬರೆದರೂ ಟೀಚರ್ ಓದಿ ಒಪ್ಪಿದ ಮೇಲೇ ಕಾಣುತ್ತದೆ.

ಬಾಗಲಕೋಟೆಯ ನವನಗರದಲ್ಲಿರೋ ಅವ್ವನಿಗೆ ಲಿಂಕ್ ಕಳಿಸಿದೆ. ಇಲ್ಲಿ ರಾತ್ರಿ ಎಂಟು, ಅಲ್ಲಿ ಮಧ್ಯಾಹ್ನ ಮೂರೂವರೆ. ಅವ್ವ ಅಣ್ಣನ ಮಗನ ಕೈಲಿ ಬರೆಸಿದಳು: “ಎತ್ತು ಛಲೋ ಆಗ್ಯಾವವ್ವಾ. ಆದ್ರ ಗ್ವಾದಲಿ ಎಲ್ಲಿ? ಅವು ಏನ್ ತಿನ್ನಬೇಕು?” ಗ್ವಾದಲಿ ಅಂದರೆ ದನಕ್ಕೆ ಮೇವು ಹಾಕೋ ತೊಟ್ಟಿ.

ಎರಡು ದಿನ ಆ ಕಮೆಂಟ್ ಕಾಣಲೇ ಇಲ್ಲ. ಟೀಚರಿಗೆ ಕನ್ನಡ ಬರೋಲ್ಲ, ಓದಲಾಗದ್ದನ್ನು ಬಿಡೋದು ಹೇಗೆ? ಸಂಜೆ ಗೇಟಿನ ಹತ್ತಿರ ಫೋನ್ ಹಿಡಿದು ನನ್ನನ್ನೇ ಕೇಳಿದರು. ಗ್ವಾದಲಿಗೆ ಇಂಗ್ಲಿಷಲ್ಲಿ ಏನಂತಾರೆ ಅಂತ ತಕ್ಷಣ ಹೊಳೆಯಲಿಲ್ಲ. ಕೈಯಲ್ಲೇ ಆಕಾರ ಮಾಡಿ ತೋರಿಸಿದೆ, ಜೊತೆಗೆ ಮೇವು ತಿನ್ನೋ ಎತ್ತನ್ನೂ!

ಮಗಳು ಅವತ್ತೇ ಕೂತು ಗ್ವಾದಲಿ ಮಾಡಿದಳು. ಮತ್ತೆ ಬರೆದಳು, ಅಳಿಸಿದಳು, ಇನ್ನೊಮ್ಮೆ ಬರೆದಳು. ಹೋಂವರ್ಕಿಗೆ ಎರಡು ಸಾಲು ಬರೆಸೋಕೆ ನಾನು ಗೋಗರೆಯೋ ಹುಡುಗಿ ಇದು! “ಅಜ್ಜಿ ಓದ್ತಾಳಲ್ಲ” ಅಂದಳು. ಅಷ್ಟರಲ್ಲಿ ಕ್ಲಾಸಿನ ಹುಡುಗನೊಬ್ಬ ಕೇಳಿದ: ಹಬ್ಬ ಮುಗಿದ ಮೇಲೆ ಎತ್ತು ಏನಾಗುತ್ತವೆ? ಅವಳಿಗೂ ಗೊತ್ತಿರಲಿಲ್ಲ. ಅಜ್ಜಿಗೆ ಫೋನ್ ಹೋಯಿತು. “ಹೊಳಿಗೆ ಬಿಡತೀವಿ” ಅನ್ನೋದೂ ಬ್ಲಾಗ್ ಸೇರಿತು.

ನಮ್ಮ ಕಾಲದಲ್ಲಿ ನಿಬಂಧದ ಕೆಳಗೆ ಕೆಂಪು ಪೆನ್ನಿನ ಒಂದು ಟಿಕ್. ಓದಿದ್ದರೋ ಇಲ್ವೋ, ಇವತ್ತಿಗೂ ಅನುಮಾನ.

ಬಾದಾಮಿ ಕಡೆ ಸರ್ಕಾರಿ ಶಾಲೆಯಲ್ಲಿ ಕಲಿಸೋ ತಂಗಿಗೆ ಇದೆಲ್ಲ ಹೇಳಿದೆ. “ಅಕ್ಕಾ, ನಮ್ಮ ಶಾಲ್ಯಾಗ ನೆಟ್ ಅಂದ್ರ ನನ್ನ ಮೊಬೈಲ್ ಒಂದ” ಅಂತ ನಕ್ಕಳು. ಆದರೂ ಸುಮ್ನೆ ಕೂರಲಿಲ್ಲ. ಹಳೇ ಕ್ಯಾಲೆಂಡರಿನ ಹಿಂಬದಿಗೆ ಮಕ್ಕಳ ಬರಹ ಅಂಟಿಸಿ ಬಾಗಿಲ ಪಕ್ಕ ತೂಗುಹಾಕಿದ್ದಾಳೆ. ಓದಿದವರು ಬರೀಲಿ ಅಂತ ದಾರಕ್ಕೆ ಕಟ್ಟಿದ ಪೆನ್ಸಿಲ್ ಬೇರೆ. ಮೊದಲ ವಾರವೇ ಒಬ್ಬ ಹುಡುಗ ಬಿಸಿಯೂಟದ ಸಾರಿಗೆ ಉಪ್ಪು ಜಾಸ್ತಿ ಅಂತ ಬರೆದಿದ್ದನಂತೆ. ಅದರ ಕೆಳಗೆ ಅಡುಗೆಯಮ್ಮನ ಅಕ್ಷರ: “ನಾಳೆ ಕಡಿಮಿ ಹಾಕತೀನಪಾ.”